ಗಿಟಾರ್ ಕೇಳಸ್ತದ, ಮಾತು ಕೇಳಸವಲ್ತು: ಕನ್ನಡ ರಾಕ್ ಆಲ್ಬಂ ಬಿಡೂಕಿಂತ ಮೊದಲ ಏನೇನು ತಿದ್ದಬೇಕು?

ಸಾಧನಕೇರಿ_ತಂತಿ (ಪ್ರಶ್ನೆ)

ನಮಸ್ಕಾರ್ರಿ ಎಲ್ಲಾರಿಗೂ. ಆಲ್ಬಂ ಒಂಬತ್ತು ಹಾಡಿಂದು, 41 ನಿಮಿಷ, ಪೂರ್ತಿ ಕನ್ನಡ. ಡ್ರಮ್ಸ್ ಬಾಡಿಗಿ ಸ್ಟುಡಿಯೋದಾಗ ಒಂದ ದಿನ, ನಾಲ್ಕು ಮೈಕಿನ್ಯಾಗ ರೆಕಾರ್ಡ್ ಆಗ್ಯಾವ. ಉಳದದ್ದೆಲ್ಲಾ ಧಾರವಾಡದಾಗ ಮನಿ ಖೋಲ್ಯಾಗ: 12 ಫೂಟ್ ಉದ್ದ, 10 ಅಗಲ, 10 ಎತ್ತರ, ಮ್ಯಾಲ ಸ್ಲ್ಯಾಬ್. ಸಾಮಾನು ಇಷ್ಟ: ಮೈಕನ್ನ ಕಂಪ್ಯೂಟರಿಗೆ ಜೋಡಸೂ ಎರಡು ಇನ್‌ಪುಟ್ಟಿನ ಇಂಟರ್‌ಫೇಸ್, ಒಂದು ಎಸ್‌ಎಂ57 ಮೈಕ್, ಒಂದು ಕಂಡೆನ್ಸರ್ ಮೈಕ್, ರೆಕಾರ್ಡಿಂಗ್ ಮಾಡೂ ರೀಪರ್ ಸಾಫ್ಟ್‌ವೇರ್. 48 ಕಿಲೋಹರ್ಟ್ಸ್, 24 ಬಿಟ್. ಗಿಟಾರಿಗೆ ಆಂಪ್ ಮುಂದ ಮೈಕ್ ಇಟ್ಟು ತಗೊಂಡದ್ದೂ ಅದ, ಜೋಡಿಗೆ ಆಂಪ್ ಇಲ್ಲದ ಗಿಟಾರಿಂದ ಸೀದಾ ತಗೊಂಡ ನೇರ ಲೈನೂ ಉಳಿಸಿಟ್ಟೈತಿ. ಎರಡು ಹಾಡಿನ್ಯಾಗ ಹಲಗಿ, ಒಂದರಾಗ ಹಾರ್ಮೋನಿಯಂ.

ಮಿಕ್ಸ್ ಮುಗದು ಮಾಸ್ಟರ್ ಸೈತ ಆಗೈತಿ, -8 ಲಫ್ಸ್ (ಹಾಡು ಎಷ್ಟು ಜೋರು ಅನ್ನೂದರ ಅಳತಿ, ಸೊನ್ನಿಗೆ ಹತ್ರ ಆದಷ್ಟೂ ಜೋರು). ಬಿಡುಗಡಿಗೆ ಮೊದಲ ಹನ್ನೆರಡು ಮಂದಿ ಕೇಳಿ ಹೇಳಿದ್ದು ಮೂರು ಮಾತು. ಒಂದು, ಹಾಡಿನ ಸಾಹಿತ್ಯ ಅರ್ಧಕ್ಕರ್ಧ ತಿಳೀವಲ್ತು. ಎರಡು, ಮೊಬೈಲಿನ್ಯಾಗ ಬೇಸ್ ಇಲ್ಲ ಅಂದ್ರ ಇಲ್ಲ, ಕಾರಿನ್ಯಾಗ ಒಂದ ಸ್ವರಕ್ಕ ಗುಂಯ್ ಅಂತದ. ಮೂರು, ನಾಲ್ಕನೇ ಹಾಡಿಗೆ ಕಿವಿ ದಣೀತಾವ, ಮುಂದ ಕೇಳಾಕ ಮನಸ್ಸಾಗೂದಿಲ್ಲ.

ಮತ್ತ ಹಾಡಿ ಮತ್ತ ಬಾರಸಾಕ ರೊಕ್ಕಾನೂ ಇಲ್ಲ, ಡ್ರಮ್ಮರ್ ಊರಾಗೂ ಇಲ್ಲ. ಇರೂ ಟ್ರ್ಯಾಕಿನ್ಯಾಗ ಏನು ತಿದ್ದಬಹುದು? ಇನ್ನೊಂದು: ಆಲ್ಬಂನ್ಯಾಗ ಒಂದು ಶರೀಫರ ತತ್ವಪದ ಐತಿ, ಒಂದು ಬೇಂದ್ರೆ ಅಜ್ಜನ ಕವಿತಾ ಐತಿ. ಎರಡಕ್ಕೂ ಧಾಟಿ ನಂದ. ಪರವಾನಗಿ ಯಾವುದಕ್ಕ ಬೇಕು? ಬಿಡುಗಡಿ ತಾರೀಖು ಇನ್ನೂ ಹಾಕಿಲ್ಲ.


ಗೋಕುಲರೋಡ್_ಮಿಕ್ಸ್

ತಾರೀಖು ಹಾಕದ ಇದ್ದದ್ದು ಛಲೋ ಆತ್ರಿ. ಮೊದಲನೇ ದೂರು ತಿದ್ದಿದ್ರ ಮೂರನೇದು ಅರ್ಧ ತಾನ ಹೋಗ್ತದ, ಅದಕ್ಕ ಅಲ್ಲಿಂದ ಹಿಡೀರಿ.

ಎಲ್ಲಾ ಟ್ರ್ಯಾಕ್ ಬಂದು ಕೂಡೂ ಮಾಸ್ಟರ್ ಬಸ್ಸಿನ ಲಿಮಿಟರ್ (ಜೋರು ಸದ್ದನ್ನ ಒತ್ತಿ ಹಿಡಿಯೂ ಪ್ಲಗಿನ್) ಪೂರಾ ತಗೀರಿ. ಅದನ್ನ ಇಟ್ಟುಕೊಂಡು ದನಿ ಏರಿಸಿದ್ರ ಲಿಮಿಟರ್ ಮತ್ತ ಒತ್ತತದ, ಏರಿಸಿದ್ದು ಎಲ್ಲಿ ಹೋತೋ ತಿಳಿಯಂಗಿಲ್ಲ. ಆಮ್ಯಾಲ ಉಕ್ತಲೇಖನ ಮಾಡಸ್ರಿ, ಸಾಲ್ಯಾಗ ಬರಸ್ತಿದ್ರಲ್ಲ, ಹಂಗ. ಸಾಹಿತ್ಯ ನೋಡಿರದ ಇಬ್ಬರನ್ನ ಕೂಡಿಸಿ, ಹಾಡು ಒಂದ ಸರತಿ ಹಚ್ಚಿ, ಕೇಳಿದ್ದು ಕೇಳಿದಂಗ ಬರಿಯಾಕ ಹೇಳ್ರಿ. ಸಾಲಿಗೊಮ್ಮೆ ನಿಲ್ಲಸ್ರಿ, ಹಿಂದಕ್ಕ ಹಾಕಿ ಕೇಳಸಬ್ಯಾಡ್ರಿ. ತಪ್ಪಿದ ಪದದ ನಿಮಿಷ-ಸೆಕೆಂಡ್ ರೀಪರಿನ್ಯಾಗ ಮಾರ್ಕರ್ ಹಾಕ್ರಿ. "ದನಿ ಕಡಿಮಿ ಐತಿ" ಅನ್ನೂ ಮಾತು ಉಪಯೋಗಕ್ಕ ಬರಂಗಿಲ್ಲ. "1 ನಿಮಿಷ 12ಕ್ಕ ಬಳ್ಳಿ ಅನ್ನೂದು ಬಳಿ ಆಗೈತಿ" ಅನ್ನೂದು ಬರ್ತದ. ಹಾಡು ಬರದವರು ಈ ಪರೀಕ್ಷೆಗೆ ಕೂಡಬಾರದು, ಅವರ ಕಿವಿ ಇಲ್ಲದ ಪದಾನೂ ತುಂಬಿಕೊಂಡು ಕೇಳ್ತದ.

ಮಾರ್ಕರ್ ಬಿದ್ದ ಜಾಗಾ ನೋಡಿದ್ರ ಮೂರು ಕಾರಣ ಸಿಗತಾವ.

ಮೊದಲನೇದು ಒತ್ತಕ್ಷರ. ಇಂಗ್ಲಿಷ್ ರಾಕ್ ಮಿಕ್ಸಿಂಗ್ ವಿಡಿಯೋ ನೋಡಿ ಕಲತವರು ಇಲ್ಲೇ ಎಡವ್ತಾರ. "ಕತೆ"ಗೂ "ಕತ್ತೆ"ಗೂ ಇರೂ ಫರಕು ಏನು? ತಕಾರದ ಮೊದಲ ನಾಲಿಗಿ ಹಲ್ಲಿಗೆ ಹತ್ತಿ ದನಿ ನಿಲ್ಲೂ ಆ ತಡಿ. ಒತ್ತಿನ್ಯಾಗ ಆ ಮೌನ ಒಂಟಿ ಅಕ್ಷರಕ್ಕಿಂತ ಹೆಚ್ಚೂಕಡಿಮಿ ಎರಡು ಪಟ್ಟು. ಆ ಮೌನದಾಗ ರಿವರ್ಬ್ (ಖೋಲಿ ಗುಂಗು) ಬಾಲ ಅಥವಾ 100-120 ಮಿಲಿಸೆಕೆಂಡಿನ ಸ್ಲ್ಯಾಪ್ ಡಿಲೇ (ದನಿ ಹಿಂದ ಒಮ್ಮೆ ಬರೂ ಮಾರ್ದನಿ) ಬಂದು ಕೂತ್ರ ಕತ್ತೆ ಹೋಗಿ ಕತೆ ಆಗ್ತದ. ದನಿ ಎಷ್ಟ ಏರಿಸಿದ್ರೂ ಇದು ಸುಧಾರಸಂಗಿಲ್ಲ. ಹಾಡಿನ ಚರಣದಾಗ ಸ್ಲ್ಯಾಪ್ ಡಿಲೇ ತಗದ ಬಿಡ್ರಿ. ರಿವರ್ಬ್ ಡಿಕೇ 1 ಸೆಕೆಂಡಿನ ಒಳಗ ತರ್ರಿ, ಪ್ರಿಡಿಲೇ (ದನಿ ಬಂದ ಎಷ್ಟೊತ್ತಿಗೆ ರಿವರ್ಬ್ ಶುರು ಆಗಬೇಕು ಅನ್ನೂದು) 60 ಮಿಲಿಸೆಕೆಂಡ್. ಆಮ್ಯಾಲ ರಿವರ್ಬ್ ರಿಟರ್ನ್ ಟ್ರ್ಯಾಕಿಗೆ ರಿಯಾಕಾಂಪ್ (ರೀಪರಿನ ಕಂಪ್ರೆಸರ್, ಜೋರು ಸದ್ದು ತಗ್ಗಸೂ ಪ್ಲಗಿನ್) ಹಾಕಿ, ದನಿ ಟ್ರ್ಯಾಕಿಂದ 3/4 ಚಾನಲ್ಲಿಗೆ ಸೆಂಡ್ ಕೊಟ್ಟು, ಡಿಟೆಕ್ಟರ್ ಇನ್‌ಪುಟ್ ಆಗ್ಜಿಲರಿ ಮಾಡ್ರಿ. ದನಿ ಬಂದಾಗ ರಿವರ್ಬ್ 4-6 ಡೆಸಿಬಲ್ ತಗ್ಗಲಿ. ರಿಲೀಸ್ 250 ಮಿಲಿಸೆಕೆಂಡ್ ಇರಲಿ. ಅಲ್ಲಿ 50 ಇಟ್ರ ಒತ್ತಿನ ಸಂದಿನ್ಯಾಗ ರಿವರ್ಬ್ ಟಣ್ಣನ ಎದ್ದು ಬರ್ತದ, ಮಾಡಿದ್ದು ಉಲ್ಟಾ ಆಗ್ತದ.

ಎರಡನೇದು ಗಿಟಾರ್ ಕೂತ ಜಾಗಾ. ಮಾತು ಬಿಡಿಸಿ ತಿಳಿಯೂದು 1ರಿಂದ 4 ಕಿಲೋಹರ್ಟ್ಸ್ ಒಳಗ. ಡಿಸ್ಟಾರ್ಶನ್ ಹೆಚ್ಚಿದ್ದ ಗಿಟಾರೂ ಅಲ್ಲೇ ಹಾಸಿಕೊಂಡು ಮಲಗಿರ್ತದ. ನೇರ ಲೈನ್ ಉಳಿಸಿಟ್ಟೀರಲ್ಲ, ಅದು ನಿಮ್ಮ ಪುಣ್ಯ. ಆಂಪ್ ಸಿಮ್ಯುಲೇಟರಿನ್ಯಾಗ ಅದನ್ನ ಹಾಕಿ, ಗೇನ್ ಮೊದಲಿನಕಿಂತ ಮೂರನೇ ಒಂದು ಭಾಗ ಇಳಿಸಿ, ಮತ್ತ ಪ್ರಿಂಟ್ ಮಾಡ್ರಿ. ಒಂದೊಂದ ಕೇಳಿದ್ರ ಬಡಕಲಾಗಿ ಅನಸ್ತದ, ಎರಡು ಗಿಟಾರು ಎಡಕ್ಕ ಪೂರ್ತಿ, ಬಲಕ್ಕ ಪೂರ್ತಿ ಒಗದ್ರ ಸರಿ ಕೂಡತಾವ. ನಡುವಿನ ಜಾಗಾ ದನಿದು, ಸ್ನೇರಿಂದು, ಕಿಕ್ಕಿಂದು, ಬೇಸಿಂದು. ಅಷ್ಟಕ್ಕೂ ಸಾಲದಿದ್ರ ಗಿಟಾರ್ ಬಸ್ಸಿಗೆ ಸೈಡ್‌ಚೈನ್ ಇರೂ (ಬ್ಯಾರೆ ಟ್ರ್ಯಾಕ್ ಕೇಳಿ ನಡಿಯೂ) ಡೈನಾಮಿಕ್ ಈಕ್ಯೂ ಹಾಕಿ, 2.5 ಕಿಲೋಹರ್ಟ್ಸ್ ಸುತ್ತ, ದನಿ ಬಂದಾಗ ಅಷ್ಟ 2-3 ಡೆಸಿಬಲ್ ತಗ್ಗಸ್ರಿ. ಕಾಯಂ ಕಡದ್ರ ಗಿಟಾರ್ ಸೋಲೋದಾಗ ಜೀವ ಹೋಗ್ತದ.

ಮೂರನೇದು ಪ್ರಾಸ. ಇಂಗ್ಲಿಷ್ ಹಾಡಿನ ಪ್ರಾಸ ಸಾಲಿನ ಕೊನಿಗೆ. ನಮ್ಮ ಆದಿಪ್ರಾಸ ಇರೂದು ಸಾಲಿನ ಎರಡನೇ ಅಕ್ಷರಕ್ಕ. ಕೇಳೋ ಕಿವಿ ಮುಂದಿನ ಸಾಲನ್ನ ಹಿಡಿಯೂದ ಆ ಅಕ್ಷರದಿಂದ. ರಾಕ್ ಡ್ರಮ್ಮರ್ ಏನ್ಮಾಡ್ತಾರ, ಸಾಲು ಶುರು ಆಗೂ ಒಂದನೇ ಬೀಟಿಗೆ ಸರಿಯಾಗಿ ಕ್ರ್ಯಾಶ್ ತಾಳ ಹೊಡೀತಾರ! ಕ್ರ್ಯಾಶಿನ ಬಾಲ ಎರಡನೇ ಅಕ್ಷರ ನುಂಗತದ, ಪ್ರಾಸ ಹೋಗ್ತದ, ಜೋಡಿಗೆ ಸಾಲೂ ಹೋಗ್ತದ. ಮತ್ತ ಬಾರಸೂದು ಬ್ಯಾಡ. ಓವರ್‌ಹೆಡ್ (ಡ್ರಮ್ಸ್ ಮ್ಯಾಲಿನ ಮೈಕು) ಎರಡೂ ಟ್ರ್ಯಾಕಿಗೆ ಕೂಡಿ ವಾಲ್ಯೂಮ್ ಎನ್ವಲಪ್ ತಗೊಂಡು, ಸಾಲಿನ ಮೊದಲ ಅರ್ಧ ಸೆಕೆಂಡ್ 3-4 ಡೆಸಿಬಲ್ ಇಳಿಸಿ, ಮೆಲ್ಲಕ ಮ್ಯಾಲ ತರ್ರಿ. ಎರಡನ್ನೂ ಕೂಡೇ ಇಳಸ್ರಿ, ಒಂದನ್ನಷ್ಟ ಮುಟ್ಟಿದ್ರ ಸ್ನೇರ್ ಒಂದು ಬಾಜೂಕ್ಕ ಸರೀತದ.

ಇನ್ನ ದನಿ ಟ್ರ್ಯಾಕು. ಕಂಪ್ರೆಸರ್ ಮುಟ್ಟೂ ಮೊದಲ ಕೈಲೆ ಕೂತು ಪದಪದದ ಗೇನ್ ಸರಿ ಮಾಡ್ರಿ. ಒಂದು ಹಾಡಿಗೆ ಒಂದು ತಾಸು ಹಿಡೀತದ, ಅದಕ್ಕ ಅಡ್ಡದಾರಿ ಇಲ್ಲ. 90 ಹರ್ಟ್ಸ್ ಕೆಳಗಿಂದು ತಗೀರಿ, ಪಕಾರ ಭಕಾರದ ಗಾಳಿ ಹೊಡತ ಅಲ್ಲೇ ಇರ್ತದ. ಕಂಪ್ರೆಸರ್ ಎರಡು ಹಂತದಾಗ: ಮೊದಲನೇದು 4:1, ಅಟ್ಯಾಕ್ 8 ಮಿಲಿಸೆಕೆಂಡ್, 3 ಡೆಸಿಬಲ್ ಇಳಿಯೂಹಂಗ. ಎರಡನೇದು 2:1, ನಿಧಾನ. ಅಟ್ಯಾಕ್ 1ಕ್ಕಿಂತ ಕಡಿಮಿ ಇಟ್ರ ಕ, ಟ, ತ ಎಲ್ಲಾ ಮೊಂಡ ಆಗತಾವ. ಗಂಡಸರ ದನಿಗೆ ಡಿ-ಎಸರ್ (ಸಕಾರದ ಚುರುಕು ತಗ್ಗಸೂ ಪ್ಲಗಿನ್) 5-7 ಕಿಲೋಹರ್ಟ್ಸ್ ನಡು, ಶಕಾರ ಸಕಾರ ಬ್ಯಾರೆ ಬ್ಯಾರೆ ಕೇಳೂ ಅಷ್ಟ ಉಳಿಸ್ರಿ.

ಒಂದು ಮಾತು ಮಿಕ್ಸಿಂಗಿನ್ಯಾಗ ಸರಿ ಹೋಗೂದಿಲ್ಲ: ಹ್ರಸ್ವ ಅಕ್ಷರ ಉದ್ದ ಸ್ವರದ ಮ್ಯಾಲ ಕೂತಿದ್ರ. "ಬಲ" ಎಳದು "ಬಾಲ" ಆಗಿದ್ರ ಆ ಸಾಲು ಅಷ್ಟ ಮತ್ತ ಹಾಡ್ರಿ. ಅದ ಮೈಕು, ಅದ ಖೋಲಿ, ಅದ ಅಂತರ, ಅರ್ಧ ತಾಸಿನ ಕೆಲಸ.


ಗದಗ_ಪೇಟಿ

ಮ್ಯಾಲಿನ ಅಣ್ಣಾರು ಹೇಳಿದ್ದು ಖರೆ ಐತ್ರಿ. ನಾ ಹಲಗಿ ಮತ್ತ ಪೇಟಿ (ಹಾರ್ಮೋನಿಯಂ) ಎರಡರ ಬಗ್ಗೆ ಅಷ್ಟ ಹೇಳ್ತೀನಿ.

ಹಾರ್ಮೋನಿಯಂ ರೀಡ್ ಪಕ್ಕಾ 440 ಹರ್ಟ್ಸ್ ಶ್ರುತಿಗೆ ಇರೂದು ಕಡಿಮಿ. ಟ್ಯೂನರ್ ಹಚ್ಚಿ ಒಂದು ಸಪ್ತಕದ ಹನ್ನೆರಡೂ ಸ್ವರ ನೋಡ್ರಿ, ಎಷ್ಟು ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ) ಮ್ಯಾಲ ಕೆಳಗ ಐತಿ ಬರಕೋರಿ, ಸರಾಸರಿ ತಗೀರಿ. +12 ಬಂತು ಅಂತ ತಿಳೀರಿ. ರೆಕಾರ್ಡಿಂಗ್ ಮೊದಲ ಆಗಿದ್ರ ಗಿಟಾರ್ ಟ್ಯೂನರಿನ ಆಧಾರ 443 ಹರ್ಟ್ಸ್ ಇಟ್ಟು ಬಾರಿಸಿದ್ರ ಮುಗೀತಿತ್ತು. ಈಗ ಹಾರ್ಮೋನಿಯಂ ಟ್ರ್ಯಾಕನ್ನ 0.12 ಸೆಮಿಟೋನ್ ಇಳಸಬೇಕು. ಐಟಂ ಪ್ರಾಪರ್ಟೀಸ್ ಒಳಗ ಪಿಚ್ ಜಾಗಾದಾಗ -0.12 ಹಾಕ್ರಿ, ಪ್ಲೇಬ್ಯಾಕ್ ರೇಟ್ ಮುಟ್ಟಬ್ಯಾಡ್ರಿ. ರೇಟ್ ಬದಲಿಸಿದ್ರ 12 ಸೆಂಟಿಗೆ 3 ನಿಮಿಷದ ಹಾಡು ಒಂದೂಕಾಲು ಸೆಕೆಂಡ್ ಹಿಂದ ಬೀಳ್ತದ. ಇನ್ನ, ಯಾವುದಾರ ಒಂದ ರೀಡ್ ಅಷ್ಟ ಸರಾಸರಿಯಿಂದ 10 ಸೆಂಟ್ ಆಚೆ ಇದ್ರ ಪೂರಾ ಟ್ರ್ಯಾಕ್ ಇಳಿಸಿ ಉಪಯೋಗ ಇಲ್ಲ, ಆ ಸ್ವರ ಬರೂ ಜಾಗಾ ಕಡದು ಅದನ್ನಷ್ಟ ಬ್ಯಾರೆ ಸರಿ ಮಾಡ್ರಿ. ದನಿಗೆ ಪಿಚ್ ತಿದ್ದೂ ಪ್ಲಗಿನ್ ಹಾಕಿದ್ರ ಆ ಹಾಡಿನ್ಯಾಗ ಒಮ್ಮೆ ತಗದು ಕೇಳ್ರಿ. ಹಾಡಿದವರು ಪೇಟಿ ಸ್ವರ ಹಿಡದು ಹಾಡಿರ್ತಾರ, ಪ್ಲಗಿನ್ 440ಕ್ಕ ಎಳೀತಿರ್ತದ, ಎರಡರ ನಡುವ ಜಗಳ.

ಹಲಗಿ ಕಾಸಿ ಬಾರಸೂ ವಾದ್ಯ. ಬಿಸಿ ಆರಿದಂಗ ಚರ್ಮ ಸಡಲ ಆಗಿ ದನಿ ಇಳೀತದ, ಮಳಿಗಾಲದಾಗ ಇನ್ನೂ ಲಗೂನ. ಒಂದ ಹಾಡಿನ ಬ್ಯಾರೆ ಬ್ಯಾರೆ ಟೇಕ್ ಕೂಡಿಸಿದ್ರ ಜೋಡು ಎದ್ದು ಕಾಣತಾವ. ನಿಮ್ಮ ಮಾಸ್ಟರಿನ್ಯಾಗ ಹಂಗ ಕೇಳಿದ್ರ ಟೇಕ್ ಕೂಡಿಸೂದು ಬಿಟ್ಟು ಒಂದ ಟೇಕಿನ ತುಂಡು ಹಿಡಕೊಂಡು ಹೋಗ್ರಿ. ಹಲಗಿ ಕೋಲಿನ ಚಟಕ್ ಅನ್ನೂ ಏಟು 2-4 ಕಿಲೋಹರ್ಟ್ಸ್ ಒಳಗ ಬರ್ತದ, ಅಂದ್ರ ಮಾತಿನ ಜಾಗಾದಾಗ. ಅದನ್ನ ನಡುವ ಇಡಬ್ಯಾಡ್ರಿ, ಎಡಕ್ಕ ನೂರಕ್ಕ 40ರಷ್ಟು ಸರಸ್ರಿ, ಸ್ನೇರ್ ಆ ಹಾಡಿನ್ಯಾಗ 2 ಡೆಸಿಬಲ್ ಇಳಸ್ರಿ. ಎರಡೂ ಒಂದ ಬೀಟಿಗೆ ಬೀಳಾತಿದ್ರ ಸ್ನೇರ್ ತಗದ ನೋಡ್ರಿ. ಹಲಗಿ ಇದ್ದಲ್ಲಿ ಸ್ನೇರ್ ಬೇಕಾಗೂದು ಭಾಳ ಕಡಿಮಿ.

ತತ್ವಪದದಾಗ ಕೊನೇ ನುಡಿ ಕಡದಿಲ್ಲಲ್ಲ? ಶಿಶುನಾಳಾಧೀಶ ಅನ್ನೂ ಅಂಕಿತ ಬರೂ ನುಡಿ ಬಿಟ್ರ ಪದ ಮುಗದಂಗ ಆಗೂದಿಲ್ಲ. ಹಾಡು ಉದ್ದ ಆತು ಅಂತ ಅದನ್ನ ಗಿಟಾರ್ ಸೋಲೋದ ಕೆಳಗ ಫೇಡ್ ಮಾಡಿದ್ರ ನಮ್ಮ ಕಡೆ ಮಂದಿ ಮೊದಲ ಅದನ್ನ ಎತ್ತಿ ಆಡ್ತಾರ. ಆಡಬೇಕು ಕೂಡ.


ಖೋಲಿ_ಕಿವಿ

ಎರಡನೇ ದೂರಿಗೆ ಉತ್ತರ ನಿಮ್ಮ ಖೋಲಿಯ ಅಳತೆಯಲ್ಲೇ ಇದೆ.

ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆಯ ಆವರ್ತನ ಎಂದರೆ ಸುಮಾರು 565ನ್ನು ಫೂಟಿನಲ್ಲಿರುವ ಅಂತರದಿಂದ ಭಾಗಿಸಿದಷ್ಟು. 10 ಫೂಟಿಗೆ 56.5 ಹರ್ಟ್ಸ್, 12 ಫೂಟಿಗೆ 47. ನಿಮ್ಮ ಅಗಲವೂ 10, ಎತ್ತರವೂ 10. ಅಂದರೆ 56 ಹರ್ಟ್ಸ್ ಎರಡು ದಿಕ್ಕಿನಿಂದ ಕೂಡಿ ನಿಲ್ಲುತ್ತದೆ. ಬೇಸ್ ಗಿಟಾರಿನ ಎ ತಂತಿ ಬಿಚ್ಚಿ ಮೀಟಿದರೆ 55 ಹರ್ಟ್ಸ್. ಕಾರಿನಲ್ಲಿ ಗುಂಯ್ ಎನ್ನುವ ಸ್ವರ ಅದೇ ಇರಬೇಕು, ನೋಡಿ.

ಇಂಥ ಅಲೆ ಗೋಡೆ ಹತ್ತಿರ ಜೋರು, ನಟ್ಟ ನಡುವೆ ಹೆಚ್ಚೂಕಡಿಮೆ ಶೂನ್ಯ. ಸ್ಪೀಕರುಗಳ ಮುಂದೆ ಎಡಬಲ ಸಮ ಇರಲಿ ಎಂದು ಎಲ್ಲರೂ ಅಗಲದ ನಡುವೆಯೇ ಕೂರುತ್ತಾರೆ. ಕುರ್ಚಿಯಲ್ಲಿ ಕೂತ ಕಿವಿ ನೆಲದಿಂದ ಸುಮಾರು 4 ಫೂಟ್, ಅದೂ ಎತ್ತರದ ನಡುವಿಗೆ ಹತ್ತಿರವೇ. ಹಾಗಾಗಿ ಆ ಎ ಸ್ವರ ನಿಮಗೆ ಸಣ್ಣದಾಗಿ ಕೇಳಿ, ನೀವು ಬೇಸ್ ಏರಿಸಿದ್ದೀರಿ. ಖೋಲಿ ಬಿಟ್ಟು ಹೊರಗೆ ಹೋದ ಕೂಡಲೇ ಏರಿಸಿದ್ದೆಲ್ಲ ಎದ್ದು ಕೂತಿದೆ. ಪರೀಕ್ಷೆ ಸುಲಭ: 56 ಹರ್ಟ್ಸ್ ಸೈನ್ ಟೋನ್ ಸಣ್ಣದಾಗಿ ಹಚ್ಚಿ, ಕುರ್ಚಿಯಿಂದ ಎದ್ದು ಬಾಜೂ ಗೋಡೆಗೆ ಕಿವಿ ಹಚ್ಚುವಷ್ಟು ಹತ್ತಿರ ನಡೆಯಿರಿ. ದನಿ ಉಬ್ಬುತ್ತ ಹೋದರೆ ರೋಗ ಸಿಕ್ಕಂತೆ.

ಮದ್ದು ಖೋಲಿಗಲ್ಲ, ಮಿಕ್ಸಿಗೆ. ಬೇಸ್ ಟ್ರ್ಯಾಕಿನಲ್ಲಿ 55 ಹರ್ಟ್ಸ್‌ಗೆ ಡೈನಾಮಿಕ್ ಈಕ್ಯೂ, ಕ್ಯೂ 3 ಅಥವಾ 4, ಆ ಸ್ವರ ಬಂದಾಗ 3-4 ಡೆಸಿಬಲ್ ಇಳಿಯುವಂತೆ. ಬೇಸಿನ ಮಟ್ಟವನ್ನು ಹೆಡ್‌ಫೋನಿನಲ್ಲಿ ಮಾತ್ರ ತೀರ್ಮಾನಿಸಿ. ಸ್ಪೀಕರಿನಲ್ಲಿ ಕೇಳುವಾಗ ಮುಂದಿನ ಗೋಡೆಯಿಂದ 4.5 ಫೂಟಿಗೆ ಕುರ್ಚಿ ತನ್ನಿ, ಉದ್ದದ ನಡುವೆ ಬೇಡ.

ಮೊಬೈಲಿಗೆ ಬೇರೆ ಉಪಾಯ. ಅದರ ಸ್ಪೀಕರ್ 250-300 ಹರ್ಟ್ಸ್ ಕೆಳಗೆ ಏನೂ ಕೊಡುವುದಿಲ್ಲ, ಬೇಸ್ ಎಷ್ಟು ಏರಿಸಿದರೂ ವ್ಯರ್ಥ. ಬೇಸ್ ಟ್ರ್ಯಾಕಿನ ನಕಲು ಮಾಡಿ, ಅದರಲ್ಲಿ 250 ಕೆಳಗಿನದನ್ನು ಕಡಿದು, ಸ್ಯಾಚುರೇಶನ್ (ಮೇಲಿನ ಹಾರ್ಮೋನಿಕ್ಸ್ ಹುಟ್ಟಿಸುವ ಹಗುರ ಡಿಸ್ಟಾರ್ಶನ್) ಹಾಕಿ, ಮೂಲದ ಕೆಳಗೆ ಮೆಲ್ಲನೆ ಬೆರೆಸಿ. ಮೇಲಿನ ಹಾರ್ಮೋನಿಕ್ಸ್ ಕೇಳಿದರೆ ಕಿವಿ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಎರಡೂ ಟ್ರ್ಯಾಕಿನ ಫೇಸ್ ನೋಡಿ. ಪ್ಲಗಿನ್ ತಡವಾದರೆ ಬೆರೆಸಿದಾಗ ಬೇಸ್ ಇನ್ನೂ ಸೊರಗುತ್ತದೆ.

ಗೋಡೆಗೆ ನವಲಗುಂದದ ಜಮಖಾನ ತೂಗುಹಾಕುವವರನ್ನು ಕಂಡಿದ್ದೇನೆ. ನೋಡಲು ಚೆಂದ, ಆದರೆ ತೆಳು ಹತ್ತಿ ನೂಲು ಮೇಲಿನ ಚುರುಕನ್ನಷ್ಟೇ ತಿನ್ನುತ್ತದೆ, ಕೆಳಗಿನ ಗುಡುಗು ಹಾಗೇ ಉಳಿದು ಖೋಲಿ ಮಂಕಾಗುತ್ತದೆ. ನಾಲ್ಕು ಪದರಿನ ಕೌದಿಯನ್ನು ಗೋಡೆಯಿಂದ 4 ಇಂಚು ಬಿಟ್ಟು ತೂಗಿದರೆ ಸುಮಾರು 850 ಹರ್ಟ್ಸ್ ಸುತ್ತ ಚೆನ್ನಾಗಿ ಹೀರುತ್ತದೆ, ಸಾಲು ಮತ್ತೆ ಹಾಡುವಾಗ ಹಾಡುವವರ ಬೆನ್ನ ಹಿಂದೆ ಅದು ಸಾಕು. ಹತ್ತಿ ಗಾದಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. 55 ಹರ್ಟ್ಸ್ ಹಿಡಿಯಬೇಕೆಂದರೆ ಮೂಲೆಗಳನ್ನು ನೆಲದಿಂದ ಸ್ಲ್ಯಾಬಿನವರೆಗೆ ರಾಕ್‌ವುಲ್ ತುಂಬಬೇಕು, 4 ಇಂಚಿನ ಪ್ಯಾನೆಲ್ಲಿಗೆ ಅದು ಬಗ್ಗುವುದಿಲ್ಲ.

ಮತ್ತೆ ಹಾಡುವಾಗ ಕರೆಂಟಿನ ಗುನುಗು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ಹೋಯಿತೆಂದರೆ ಗ್ರೌಂಡ್ ಲೂಪ್. ಮನೆಯ ಇನ್ವರ್ಟರ್ ಸೈನ್ ವೇವ್ ಕೊಡದಿದ್ದರೆ ಅದರ ಮೇಲೆ ಗಿಟಾರ್ ಆಂಪ್ ನಡೆಸಲೇಬೇಡಿ, ಆ ಬಜ್ ಯಾವ ಫಿಲ್ಟರಿಗೂ ಹೋಗುವುದಿಲ್ಲ.


ಸಾಧನಕೇರಿ_ತಂತಿ

ಟೋನ್ ಹಚ್ಚಿ ನೋಡಿದೆ, ಗೋಡಿ ಕಡೆ ಹೋದಂಗ ಉಬ್ಬತದ, ಕುರ್ಚಿ ಹತ್ರ ಇಲ್ಲದಂಗ ಆಗ್ತದ. ಬೇಸಿನ ಕತಿ ತಿಳೀತು. ಲೌಡ್‌ನೆಸ್ ಬಗ್ಗೆ ಯಾರೂ ಹೇಳಲಿಲ್ಲ. -8 ಇಳಿಸಿದ್ರ ಬ್ಯಾರೆಯವರ ಹಾಡಿನ ಪಕ್ಕ ಸಣ್ಣದಾಗಿ ಕೇಳಂಗಿಲ್ಲೇನ್ರಿ? ಪರವಾನಗಿ ಪ್ರಶ್ನೆನೂ ಉಳದೈತಿ.


ಗೋಕುಲರೋಡ್_ಮಿಕ್ಸ್

ಸಣ್ಣದಾಗಂಗಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನ್ಯಾಗ -14 ಲಫ್ಸ್‌ಗೆ ತರ್ತದ. ನೀವು -8 ಕೊಟ್ರ ಅವರು 6 ಡೆಸಿಬಲ್ ಇಳಸ್ತಾರ, ನಿಮಗ ಉಳಿಯೂದು ಚಪ್ಪಟಿ ಆದ ಸ್ನೇರ್ ಅಷ್ಟ. ಯೂಟ್ಯೂಬೂ ಜೋರಿದ್ದದ್ದನ್ನ -14ರ ಸುತ್ತಮುತ್ತ ಇಳಸ್ತದ. ರಾಕಿಗೆ -11 ಛಲೋ ಜಾಗಾ, ಟ್ರೂ ಪೀಕ್ (ಸದ್ದಿನ ತುತ್ತತುದಿ) -1. -14 ಮುಟ್ಟಲೇಬೇಕು ಅಂತ ಇಲ್ಲ. ಇನ್ನ, ಒಂಬತ್ತೂ ಹಾಡು ಒಂದ ಅಂಕಿಗೆ ತರಬ್ಯಾಡ್ರಿ. ಬರೇ ಗಿಟಾರ್ ಮತ್ತ ದನಿ ಇರೂ ಹಾಡು -14 ಇದ್ರ ಇರಲಿ. ಅದನ್ನ ಒತ್ತಿ ಮ್ಯಾಲ ತಂದ್ರ ನಾಲ್ಕನೇ ಹಾಡಿಗೆ ದಣಿವು ಬರೂದ.

ಮಿಕ್ಸನ್ನ ಮೋನೋ ಮಾಡಿ ಒಮ್ಮೆ ಕೇಳ್ರಿ. ಟಂಟಂನ್ಯಾಗ, ಚಾದಂಗಡಿಯಾಗ ಇರೂದು ಒಂದ ಸ್ಪೀಕರ್. ಸ್ಟೀರಿಯೋ ವೈಡನರ್ ಹಾಕಿದ ಗಿಟಾರ್ ಅಲ್ಲಿ ಮಾಯ ಆಗ್ತದ. ಆಮ್ಯಾಲ ಇಯರ್‌ಫೋನ್ ಹಾಕ್ಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ಸಿನ್ಯಾಗ ಪೂರಾ ಆಲ್ಬಂ ಕೇಳ್ರಿ. ಬಸ್ಸಿನ ಸಪ್ಪಳದಾಗ ಯಾವ ಹಾಡಿನ ಶುರು ಕೇಳಂಗಿಲ್ಲೋ ಅದನ್ನಷ್ಟ 2 ಡೆಸಿಬಲ್ ಎತ್ತರಿ.


ಹಾವೇರಿ_ಹಕ್ಕು

ಪರವಾನಗಿ ಬಗ್ಗೆ. ಭಾರತದ ಕಾಯ್ದೆ ಪ್ರಕಾರ ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರ್ತದ. ಶರೀಫರು 1819-1889, ನಮ್ಮ ಹಾವೇರಿ ಜಿಲ್ಲೆಯ ಶಿಶುನಾಳದವರು, ಸಾಹಿತ್ಯಕ್ಕ ಯಾರ ಪರವಾನಗಿನೂ ಬೇಡ. ಧಾಟಿ ನಿಮ್ಮದೇ ಅಂದಮ್ಯಾಲ ಆ ಹಾಡು ಮುಗೀತು. ಆದ್ರ ಒಂದು ಖಾತ್ರಿ ಮಾಡಿಕೊಳ್ರಿ: ಶರೀಫರ ಪದಗಳಿಗೆ ಸಿ. ಅಶ್ವತ್ಥ್ ಕೂಡಿಸಿದ ಧಾಟಿ ಮಂದಿಯ ನಾಲಿಗಿ ಮ್ಯಾಲ ಎಷ್ಟು ಕೂತಾವ ಅಂದ್ರ, ಅವು ಹಳೇ ಜನಪದ ಧಾಟಿ ಅಂತನ ಭಾಳ ಮಂದಿ ತಿಳಿದಾರ. ಸಾಹಿತ್ಯ ಹಳೇದಾದ್ರೂ ಆ ಸಂಗೀತದ ಹಕ್ಕು ಜೀವಂತ ಐತಿ. ನಿಮ್ಮ ಪಲ್ಲವಿ ಅದಕ್ಕ ಹತ್ರ ಇದ್ರ ಈಗಲೇ ಬದಲಿಸ್ರಿ.

ಬೇಂದ್ರೆಯವರು ತೀರಿಕೊಂಡದ್ದು 1981. ಹಕ್ಕು 2041ರ ಡಿಸೆಂಬರ್ 31ರ ತನಕ. ಹಕ್ಕುದಾರರಿಂದ ಬರಹದಾಗ ಒಪ್ಪಿಗಿ ಬೇಕು. ಪುಸ್ತಕ ಹಾಕಿದ ಪ್ರಕಾಶಕರ ಹತ್ರ ಹಾಡಿನ ಹಕ್ಕು ಇರ್ತದಂತ ತಿಳೀಬ್ಯಾಡ್ರಿ. ಪತ್ರದಾಗ ಕವಿತೆ ಹೆಸರು, ಯಾವ ಯಾವ ನುಡಿ ಹಾಡೀರಿ, ಸ್ಟ್ರೀಮಿಂಗ್, ಸಿಡಿ, ವಿಡಿಯೋ, ವೇದಿಕೆ ಎಲ್ಲಾ ಬಿಡಿಸಿ ಬರೀರಿ. ಪದ ಬದಲಿಸಿದ್ರ, ಸಾಲು ಎರಡು ಸಲ ಹಾಡಿದ್ರ ಅದನ್ನೂ ಬರೀರಿ. ಮುಖ್ಯವಾಗಿ ಅವಧಿ ಮತ್ತ ಪ್ರದೇಶ. ಅವಧಿ ಬರೀದಿದ್ರ ಕಾಯ್ದೆ 5 ವರ್ಷ ಅಂತ ಹಿಡೀತದ, ಪ್ರದೇಶ ಬರೀದಿದ್ರ ಭಾರತ ಅಷ್ಟ. ಸ್ಟ್ರೀಮಿಂಗ್ ಅಂದ್ರ ಇಡೀ ಜಗತ್ತು, ಅದಕ್ಕ ಆ ಎರಡು ಶಬ್ದ ಬಿಟ್ರ ಪತ್ರ ಅರ್ಧ ಕೆಲಸಕ್ಕ ಬಾರದು. ಈ ಪತ್ರ ಕೈಗೆ ಬರೂತನಕ ತಾರೀಖು ಹಾಕಬ್ಯಾಡ್ರಿ. ಡ್ರಮ್ಮರ್, ಹಲಗಿಯವರು, ಪೇಟಿಯವರಿಂದಲೂ ಒಂದೊಂದು ಪುಟದ ಒಪ್ಪಿಗಿ ತಗೊಳ್ರಿ, ಕಲಾವಿದರ ಹಕ್ಕು ಬ್ಯಾರೆ ಇರ್ತದ. ಹೆಸರು ಹೆಂಗ ಅಚ್ಚಾಗಬೇಕು ಅಂತ ಅವರ ಕೈಲೇ ಬರಸ್ರಿ.

ಬಿಡುಗಡಿ ಲೆಕ್ಕ ಹಿಂದಿನಿಂದ ಹಾಕಬೇಕು. ಹಾಡನ್ನ ಸ್ಟ್ರೀಮಿಂಗ್ ಆಪಿಗೆ ಮುಟ್ಟಸೂ ಡಿಸ್ಟ್ರಿಬ್ಯೂಟರಿಗೆ ಕಡತ ಹೋಗಬೇಕಾದ್ದು 4 ವಾರ ಮೊದಲ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಒಂದ ಹಾಡು ಕಳಿಸಾಕ ಬರ್ತದ, ಅದೂ ಕಡಿಮಿ ಅಂದ್ರ 7 ದಿನ ಮುಂಚೆ. ಪ್ರತಿ ರೆಕಾರ್ಡಿಂಗಿಗೆ ಅದನ್ನ ಗುರುತಿಸೂ 12 ಅಕ್ಷರದ ಐಎಸ್‌ಆರ್‌ಸಿ ಕೋಡ್ ಇರ್ತದ. ಮೊದಲ ಎರಡು ಹಾಡು ಸಿಂಗಲ್ ಅಂತ ಬಿಟ್ಟು, ಅದ ಕೋಡನ್ನ ಆಲ್ಬಂಗೂ ಕೊಟ್ರ ಕೇಳಿದ ಎಣಿಕೆ ಮುಂದುವರೀತದ. ಮಿಕ್ಸ್ ಬದಲಾದ್ರ ಕೋಡೂ ಹೊಸದು ಬೇಕು, ಹಂಗಾಗಿ ಈಗಿನ ಮಿಕ್ಸ್ ಎಲ್ಲೂ ಏರಿಸಬ್ಯಾಡ್ರಿ. 2024ರಿಂದ ಸ್ಪಾಟಿಫೈ ಒಂದು ಹಾಡಿಗೆ 12 ತಿಂಗಳಲ್ಲಿ 1000 ಸಲ ಕೇಳದಿದ್ರ ಆ ಹಾಡಿಗೆ ರೊಕ್ಕ ಕೊಡಂಗಿಲ್ಲ. ಮೊದಲ ಆಲ್ಬಂನ ರೊಕ್ಕದ ಲೆಕ್ಕವನ್ನ ಅದರ ಮ್ಯಾಲ ಹಾಕಬ್ಯಾಡ್ರಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟಕ್ಕ 15% ಹಿಡೀತದ, ಉಳಿದದ್ದರಾಗ ಪಾವತಿ ಖರ್ಚು ಹೋಗಿ ಬಾಕಿ ನಿಮಗ. ಸಂಗೀತ ಮತ್ತ ಸಾಹಿತ್ಯ ಬರದವರು ಐಪಿಆರ್‌ಎಸ್ (ಅವರ ರಾಯಲ್ಟಿ ವಸೂಲಿ ಮಾಡೂ ಸಂಸ್ಥೆ) ಸದಸ್ಯರಾದ್ರ ಆ ಕಡೆಯ ರಾಯಲ್ಟಿ ಬ್ಯಾರೆ ಬರ್ತದ.

ಸಣ್ಣದು ಅನಿಸಿದ್ರೂ ಕೆಡೂದು ಇಲ್ಲೇ: ಸಾಹಿತ್ಯವನ್ನ ಹಳೇ ನುಡಿ ಅಥವಾ ಬರಹ ಫಾಂಟಿನ್ಯಾಗ ಟೈಪ್ ಮಾಡಿದ್ರ ಅದು ಯೂನಿಕೋಡ್ ಅಲ್ಲ. ಸೈಟಿಗೆ ಅಂಟಿಸಿದ ಕೂಡಲೇ ಅರ್ಥ ಇಲ್ಲದ ಅಕ್ಷರ ಬರತಾವ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತು ಮತ್ತ ಅರ್ಕಾವತ್ತು ಕಣ್ಣಿಲೆ ನೋಡ್ರಿ. ಹಾಡಿನ ಹೆಸರು ಕನ್ನಡದಾಗ ಕೊಡ್ರಿ, ರೋಮನ್ ಅಕ್ಷರದ ಕಾಗುಣಿತ ಒಂದನ್ನ ಆರಿಸಿ ಎಲ್ಲಾ ಕಡೆ ಅದನ್ನ ಬಳಸ್ರಿ. ಒಂದು ಕಡೆ ಒಂದು ಅಕ್ಷರ ಹೆಚ್ಚಾದ್ರೂ ಹುಡುಕಿದವರಿಗೆ ಸಿಗಂಗಿಲ್ಲ, ಕಲಾವಿದರ ಪುಟ ಎರಡಾಗಿ ಒಡೀತದ. ಮುಖಚಿತ್ರ 3000×3000 ಪಿಕ್ಸೆಲ್.


ಖೋಲಿ_ಕಿವಿ

ಕೇಳುಗರು ಹೇಗೆ ಸ್ವೀಕರಿಸುತ್ತಾರೆ ಎಂಬುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಮನೆಯಲ್ಲಿ ಮಾಡಿದ್ದು ಎಂಬ ಅಂಜಿಕೆಯಿಂದಲೇ ಜನ -8ಕ್ಕೆ ಒತ್ತುವುದು.

ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಬಿಟ್ಟ 'ನೆಬ್ರಾಸ್ಕಾ' ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿದ್ದು. ಬಾನ್ ಇವೇರ್ ಹೆಸರಿನಲ್ಲಿ ಜಸ್ಟಿನ್ ವರ್ನನ್ ಮಾಡಿದ 'ಫಾರ್ ಎಮ್ಮಾ, ಫಾರೆವರ್ ಅಗೋ' ವಿಸ್ಕಾನ್ಸಿನ್ನಿನ ಕಾಡಿನ ಮನೆಯಲ್ಲಿ ಆದದ್ದು. 2007ರಲ್ಲಿ ಅವರೇ ಬಿಟ್ಟರು, ಕಂಪನಿ ಬಂದು ಮತ್ತೆ ಬಿಟ್ಟದ್ದು 2008ರಲ್ಲಿ. ಎರಡಕ್ಕೂ ಸದ್ದಿನ ಕೊರತೆ ಅಡ್ಡ ಬರಲಿಲ್ಲ. ಎರಡರಲ್ಲೂ ದನಿಯ ಸುತ್ತ ಜಾಗ ಇದೆ, ವಾದ್ಯ ಕಡಿಮೆ ಇದೆ. ನಮ್ಮಲ್ಲಿ 2008ರ ರಘು ದೀಕ್ಷಿತ್ ಆಲ್ಬಂನಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಬ್ಯಾಂಡಿನ ಜೊತೆ ಬಂದಾಗಲೂ ಪದ ಒಂದೊಂದೂ ಮುಂದೆ ನಿಂತಿದೆ. ಗದ್ದಲದ ಹಾಡಿಗೂ ಅದು ಸಾಧ್ಯ.

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ಊರುಗಳಿವು. 1950ರಿಂದ ಧಾರವಾಡ ಆಕಾಶವಾಣಿ ಮನೆಮನೆಯಲ್ಲಿ ಹಾಡಿದೆ. ಇಲ್ಲಿಯ ಕೇಳುಗ ರಾಕ್ ಒಲ್ಲೆ ಎನ್ನುವುದಿಲ್ಲ, ಮೊದಲು ದನಿ ಹುಡುಕುತ್ತಾನೆ, ಸಿಗದಿದ್ದರೆ ಮುಂದಿನ ಹಾಡಿಗೆ ಹೋಗುತ್ತಾನೆ.

ವಿಮರ್ಶೆ ಬರೆಯುವವರಿಗೆ ಬಿಡುಗಡೆಗೆ 3 ವಾರ ಮೊದಲು ಖಾಸಗಿ ಲಿಂಕ್ ಕಳಿಸಿ. ಜೊತೆಗೆ ಇಡೀ ಸಾಹಿತ್ಯದ ಪಿಡಿಎಫ್, ಎರಡು ಚಿತ್ರ, ಒಂದು ಪ್ಯಾರಾ ಪರಿಚಯ. ಪರಿಚಯದಲ್ಲಿ ನಿಮ್ಮ ಕಷ್ಟ ಬೇಡ. ಯಾವ ಹಾಡಿನಲ್ಲಿ ಹಲಗಿ, ಯಾವುದರಲ್ಲಿ ಪೇಟಿ, ಯಾವ ಕವಿತೆ, ಯಾರು ಬಾರಿಸಿದರು ಎಂಬುದಿರಲಿ. ಹಾಡಿನ ಕ್ರಮವನ್ನೂ ನೋಡಿ: ನಾಲ್ಕನೆಯದಕ್ಕೆ ದಣಿವು ಎಂದಿರಿ, ಬರೀ ಗಿಟಾರ್ ಮತ್ತು ದನಿ ಇರುವ ಸದ್ದಿಲ್ಲದ ಹಾಡು ಈಗ ಎಷ್ಟನೆಯದು?


ಸಾಧನಕೇರಿ_ತಂತಿ

ಎಂಟನೇದು. ಅದನ್ನ ನಾಲ್ಕಕ್ಕ ತಂದೆ.

ಮೂರು ಹಾಡಿಗೆ ಉಕ್ತಲೇಖನ ಆತು. ಮೂರೂ ಕೂಡಿ 29 ಮಾರ್ಕರ್. ಅದರಾಗ 11 ಒತ್ತಕ್ಷರ, ಎಲ್ಲಾ ಸ್ಲ್ಯಾಪ್ ಡಿಲೇ ಇದ್ದ ಜಾಗಾದಾಗ. 9 ಸಾಲಿನ ಶುರುವಿಗೆ ಕ್ರ್ಯಾಶ್. ಉಳದದ್ದು ಗಿಟಾರ್. ಡಿಲೇ ತಗದು, ಕ್ರ್ಯಾಶ್ ಇಳಿಸಿ, ಬ್ಯಾರೆ ಇಬ್ಬರಿಗೆ ಬರಸಿದ್ರ 7ಕ್ಕ ಇಳೀತು. ದನಿ ಫೇಡರ್ ಮುಟ್ಟಿಲ್ಲ. ಕೊನೇ ನುಡಿ ಫೇಡ್ ಆಗಿತ್ರಿ, ಗದಗದ ಅಣ್ಣಾರ, ಅದನ್ನ ಪೂರಾ ಮಾಡೀನಿ. ಒಪ್ಪಿಗಿ ಪತ್ರ ಅವಧಿ, ಪ್ರದೇಶ ಸಹಿತ ಬರದು ಮುಗಸೀನಿ.

ಒಂದ ಕಡೆ ಸಿಕ್ಕೊಂಡೀನಿ: ಗೇನ್ ಇಳಿಸಿದ ಗಿಟಾರಿನ್ಯಾಗ ಪಲ್ಲವಿ ಸೊರಗತದ.


ಗೋಕುಲರೋಡ್_ಮಿಕ್ಸ್

ಪಲ್ಲವಿಗೆ ಹಳೇ ಮೈಕಿನ ಟ್ರ್ಯಾಕ್ ಕೆಳಗ ಸೇರಸ್ರಿ, ಹೊಸದಕ್ಕಿಂತ 8 ಡೆಸಿಬಲ್ ಸಣ್ಣದಾಗಿ. ಮೊದಲ ಎರಡನ್ನೂ ಜೂಮ್ ಮಾಡಿ ಅಲೆ ಕೂಡಸ್ರಿ. ಮೈಕ್ ಆಂಪಿಂದ 1 ಫೂಟ್ ಇದ್ರ ಅದರ ಟ್ರ್ಯಾಕ್ ಲೈನಿಗಿಂತ 0.9 ಮಿಲಿಸೆಕೆಂಡ್ ಹಿಂದ ಇರ್ತದ. ಅಷ್ಟು ಮುಂದ ಸರಿಸಿ, ಪೋಲಾರಿಟಿ ಒಮ್ಮೆ ತಿರುವಿ ಕೇಳ್ರಿ, ಯಾವುದರಾಗ ದಪ್ಪ ಕೇಳತದೋ ಅದನ್ನ ಇಡ್ರಿ. ಆಮ್ಯಾಲ ಆ 7 ಮಾರ್ಕರ್ ಮತ್ತ ಬರಸ್ರಿ.